ಅಮೆರಿಕದ ಗೌಡನ ಮಳೆಗಾಲ

ಹೋದ ತಿಂಗಳು ನಾಗಮಂಗಲದಲ್ಲಿ ಪರೀಕ್ಷೆಯ ಕೆಲಸ ಮುಗಿಸಿಕೊಂಡು ಬಸ್ಸಿನಲ್ಲಿ ಊರಿಗೆ ವಾಪಸಾಗುತ್ತಿದ್ದೆ. ದಾರಿಯಲ್ಲಿ ಒಂದು ಹಳ್ಳಿಯ ಡೈರಿಯ ಮುಂದೆ ಹಾಲಿನ ಲಾರಿ ರಸ್ತೆಗೆ ಅಡ್ಡಲಾಗಿ ನಿಂತು ಕ್ಯಾನು ತುಂಬಿಸಿಕೊಳ್ಳುತ್ತಿತ್ತು. ನಮ್ಮ ಬಸ್ಸೂ ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬಿಸಿನೀರಿನಲ್ಲಿ ತೊಳೆದ ಕ್ಯಾನು, ಚೆಲ್ಲಿ ಹುಳಿಯಾದ ಹಾಲು, ನೆಂದ ಸಿಮೆಂಟು, ಜನರ ಕಾಲಿನ ಜೊತೆ ಬಂದ ಸಗಣಿ, ಎಲ್ಲ ಸೇರಿದ ವಾಸನೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು.  ತಕ್ಷಣ ನಮ್ಮ ಯಜಮಾನರಿಗೆ ಫೋನು ಹಚ್ಚಿ, ಮಾವ ಡೈರಿಗೆ ಕೊಡೆ ತಗೊಂಡು ಹೋದರಾ ಎಂದು ಕೇಳಿದೆ. ಆ ಕಡೆಯಿಂದ ಅವರು ನಕ್ಕರು. "ನಿನ್ನ ಅಮೆರಿಕದ ಗೌಡ ಇನ್ನೂ ಸಾಯ್ನಿಲ್ವಾ?" ಅಂದರು.

ಸತ್ತು ಇನ್ನೂರು ವರ್ಷದ ಮೇಲಾಯಿತು. ಆದರೂ ಮಳೆ ಬಂದಾಗಲೆಲ್ಲ ನನ್ನ ಪಾಲಿಗೆ ಆತ ಹೊಸದಾಗಿ ಸಾಯುತ್ತಿರುತ್ತಾನೆ. ಅದಕ್ಕೆ ಕಾರಣ ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ.

ನಾನು ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಹೆದರುತ್ತಲೇ ಬದುಕಿದವಳಾದ್ದರಿಂದ ಸಣ್ಣದಕ್ಕೂ ಎದೆ ಹೊಡೆದುಕೊಳ್ಳುವುದು ನನಗೆ ಅಭ್ಯಾಸ. ಮದುವೆಯಾಗಿ ಬಂದದ್ದು ಶೀಳನೆರೆ ಹೋಬಳಿಯ ಒಂದು ಹಳ್ಳಿಗೆ. ಮಾವ ಬೋರೇಗೌಡರು ಊರಿನ ಹಾಲಿನ ಡೈರಿಯ ಅಧ್ಯಕ್ಷರು. ಒಂದೇ ಒಂದು ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಶೀಳನೆರೆಯವರೆಗೆ ತುಳಿದು ಹಾಲು ಮುಟ್ಟಿಸಿ ಡೈರಿ ಕಟ್ಟಿದವರು. ಅಂದಿನಿಂದ ಕುರ್ಚಿ ಅವರದೇ. ಹಾಗಂತ ಅವರು ದರ್ಪದ ಮನುಷ್ಯರಲ್ಲ. ಬೇರೆಯವರು ಕೂರಬಹುದು ಎಂದು ಊರಿಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ, ಅಷ್ಟೆ.

ನಮ್ಮ ಡೈರಿಯಲ್ಲಿ ಎಂದೂ ಓಟು ಬಿದ್ದಿರಲಿಲ್ಲ. ಅಧ್ಯಕ್ಷರ ಆಯ್ಕೆಯ ದಿನ ನಿರ್ದೇಶಕರಲ್ಲಿ ಎರಡು ಮೂರು ಜನ ನಾಮಪತ್ರ ಹಾಕುತ್ತಿದ್ದರು. ಗೆಲ್ಲುವುದಕ್ಕಲ್ಲ, ವಾಪಸ್ ತಗೊಳ್ಳುವುದಕ್ಕೆ. ವಾಪಸ್ ತಗೊಂಡವರಿಗೆ ಎಲ್ಲರ ಎದುರಿಗೆ ಬೋರೇಗೌಡರು ಎದ್ದು ನಿಂತು ಕೈಯಾರೆ ವೀಳ್ಯ ಕೊಡಬೇಕು. ಅದು ಊರಿನಲ್ಲಿ ದೊಡ್ಡ ಮರ್ಯಾದೆ. ಈ ಸಲ ಯಾರ್ಯಾರು ಹಾಕಿ ತೆಗೆಯುವುದು ಎಂದು ಮೊದಲೇ ಮಾತಾಗಿರುತ್ತಿತ್ತು. ವೀಳ್ಯದ ತಟ್ಟೆ ಹೋಗುತ್ತಿದ್ದುದು ನಮ್ಮ ಮನೆಯಿಂದ. ನಮ್ಮ ಅತ್ತೆ ಎಲೆ ಒರೆಸಿ, ಅಡಿಕೆ ಇಟ್ಟು, ಮೇಲೊಂದು ಬಾಳೆಹಣ್ಣಿಟ್ಟು ಕಳಿಸುತ್ತಿದ್ದರು.

ಆ ವರ್ಷ ಆಷಾಢದಲ್ಲಿ ಮಾವನಿಗೆ ಎದೆನೋವು ಬಂತು. ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಎದೆಯ ರಕ್ತನಾಳಕ್ಕೆ ಸ್ಪ್ರಿಂಗು ಹಾಕಿ ಉಳಿಸಿಕೊಟ್ಟರು. ಅವರು ಅಲ್ಲಿ ಮಲಗಿರುವಾಗಲೇ ಇಲ್ಲಿ ಡೈರಿಯ ಹೊಸ ನಿರ್ದೇಶಕರನ್ನು ಆರಿಸುವ ಹೊತ್ತು ಬಂತು. ಊರಿನ ಯಜಮಾನರು ಕೂತು, ಗೌಡರ ಹೆಸರಿನ ಜಾಗಕ್ಕೆ ಅವರ ಮಗ, ಅಂದರೆ ನಮ್ಮ ಯಜಮಾನರಾದ ಮಂಜಣ್ಣನ ಹೆಸರು ಹಾಕಿ ಮುಗಿಸಿದರು. ಆ ಮನೆಯ ಹೆಸರು ಇರಬೇಕಲ್ಲ ಎಂಬುದು ಅವರ ಲೆಕ್ಕ. ಮಾವ ಮನೆಗೆ ಬಂದ ಮೇಲೆ ವಿಷಯ ಕೇಳಿ ಜಗಲಿಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. ಮಂಜಣ್ಣನ ಮುಖದಲ್ಲಿ ಮಾತ್ರ ನಾನು ಮದುವೆಯಲ್ಲಿ ಕಂಡಿದ್ದ ಕಳೆ ಮತ್ತೆ ಕಂಡಿತು. ಅಪ್ಪ ಕೂತ ಕುರ್ಚಿಯಲ್ಲಿ ತಾನು ಕೂರುವುದು ಅವರಿಗೆ ಚಿಕ್ಕಂದಿನಿಂದಲೂ ಇದ್ದ ಆಸೆ.

ಆ ವರ್ಷವೇ ನನಗೆ ಕಾಲೇಜಿನಲ್ಲಿ ಮೊದಲ ಬಾರಿಗೆ ಅಮೆರಿಕದ ಇತಿಹಾಸದ ಪಾಠ ಹಾಕಿದ್ದರು. ನನಗೇ ಸರಿಯಾಗಿ ಗೊತ್ತಿಲ್ಲದ್ದನ್ನು ಹುಡುಗರಿಗೆ ಹೇಳಬೇಕಾದ ಹೆದರಿಕೆ. ಸಾಯಂಕಾಲ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಮಳೆ ಬಂದರೆ ಹಂಚಿನಿಂದ ಸುರಿಯುವ ನೀರಿನ ಸದ್ದಿಗೆ ನನ್ನ ದನಿ ಇನ್ನೂ ಏರುತ್ತಿತ್ತು. ಮಾವನಿಗೆ ಹೊರಗೆ ಓಡಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಅವರಿಗೆ ಕೇಳದೆ ಗತಿಯಿರಲಿಲ್ಲ. ಮೊದಮೊದಲು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಒಂದು ದಿನ, ಅಮೆರಿಕದ ಸೇನೆಯ ಎದುರು ಸೋತು ಶರಣಾದ ಆಂಗ್ಲ ಸೇನಾಪತಿಯೇ ಮುಂದೆ ನಮ್ಮ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದವನು ಎಂದು ಓದಿದೆ. ಮಾವ ಎದ್ದು ಕೂತರು.

"ನಮ್ ಪಟ್ಣಕ್ಕೆ ಬಂದವ್ನೇ ಅಲ್ಲಿ ಒದೆ ತಿಂದಿದ್ನಾ? ಒದ್ದೋನು ಯಾರವ್ವ?"

ಒದ್ದವನ ಕತೆ ಹೀಗೆ ಶುರುವಾಯಿತು. ಹೆಸರು ಹೇಳಿಕೊಟ್ಟೆ, ಅವರ ನಾಲಿಗೆಗೆ ಹತ್ತಲಿಲ್ಲ. ಹೊಳೆ ದಂಡೆಯಲ್ಲಿ ಜಮೀನು, ದನ, ಕುದುರೆ, ಹಿಟ್ಟಿನ ಗಿರಣಿ, ಊರ ನ್ಯಾಯ ನೋಡುವ ಮನೆತನ ಎಂದೆಲ್ಲ ಕೇಳಿದ ಮೇಲೆ, ಆತ ಗೌಡನೇ ಬಿಡು ಎಂದು ತೀರ್ಮಾನಿಸಿಬಿಟ್ಟರು. ಅಲ್ಲಿಂದ ಅವನು ನಮ್ಮ ಮನೆಯಲ್ಲಿ ಅಮೆರಿಕದ ಗೌಡ. ದಿನಾ ಸಾಯಂಕಾಲ ಕಾಲೇಜಿನಿಂದ ಬಂದು ಬ್ಯಾಗು ಇಡುವುದಕ್ಕಿಲ್ಲ, ನಿನ್ನ ಗೌಡ ಎಲ್ಲಿಗೆ ಬಂದ ಎಂಬ ಪ್ರಶ್ನೆ. ಚಳಿಗಾಲದಲ್ಲಿ ಸೈನಿಕರು ಬರಿಗಾಲಲ್ಲಿ ಇದ್ದದ್ದು, ಗೆದ್ದ ಮೇಲೆ ಸೇನಾಪತಿಯ ಅಧಿಕಾರವನ್ನು ಸಭೆಗೆ ವಾಪಸ್ ಕೊಟ್ಟು ಮನೆಗೆ ಹೋದದ್ದು, ದೇಶ ಕಟ್ಟುವಾಗ ಮತ್ತೆ ಕರೆಸಿ ಮೊದಲ ಅಧ್ಯಕ್ಷನನ್ನಾಗಿ ಮಾಡಿದ್ದು, ಎರಡು ಸಲ ಆದಮೇಲೆ ಜನ ಇನ್ನೂ ಇರು ಎಂದರೂ ಸಾಕು ಎಂದು ಎದ್ದು ಜಮೀನಿಗೆ ಹೋದದ್ದು, ಎಲ್ಲ ಹೇಳಿದೆ. ಬಾಯಲ್ಲಿ ಸ್ವಂತ ಹಲ್ಲು ಉಳಿಯದೆ ಕಟ್ಟಿಸಿಕೊಂಡ ಹಲ್ಲಿನಿಂದ ಒದ್ದಾಡಿದ್ದನ್ನು ಕೇಳಿ ಮಾವ ಪಾಪ ಅಂದರು. ಅವರದೂ ಕಟ್ಟಿಸಿದ ಹಲ್ಲೇ.

ಅಷ್ಟು ಜಮೀನು ಗೇಯುತ್ತಿದ್ದವರು ಯಾರು ಎಂದು ಕೇಳಿದರು. ದುಡ್ಡು ಕೊಟ್ಟು ಕೊಂಡುಕೊಂಡ ಗುಲಾಮರು ಎಂದೆ.  ತನ್ನ ಪಾಲಿನ ಗುಲಾಮರಿಗೆ ತಾನು, ಹೆಂಡತಿ ಇಬ್ಬರೂ ಸತ್ತಮೇಲೆ ಬಿಡುಗಡೆ ಎಂದು ಉಯಿಲು ಬರೆದಿದ್ದ ಎಂದು ಸೇರಿಸಿದೆ. "ಕುರ್ಚಿಯ ಬದುಕಿದ್ದಾಗ್ಲೇ ಬುಟ್ಟ, ಆಳುಗೋಳ ಸತ್ಮೇಲೆ ಬುಟ್ಟ" ಅಂದರು. "ಅಂಗಾದ್ರೆ ಅವ್ನ ಪೂರ್ತಿ ದೊಡ್ಮನ್ಸ ಅನ್ನಂಗಿಲ್ಲ ಕಣವ್ವ." ಆಮೇಲೆ ಯಾವುದೋ ಯೋಚನೆಯಲ್ಲಿ, ಮಕ್ಕಳೆಷ್ಟು ಎಂದು ಕೇಳಿದರು. ಹೆಂಡತಿಯ ಮೊದಲ ಗಂಡನ ಮಕ್ಕಳನ್ನು ಸಾಕಿದ, ಸ್ವಂತ ಮಕ್ಕಳಿರಲಿಲ್ಲ ಎಂದೆ.

"ಅಂಗೇಳು ಮತ್ತೆ. ಅವ್ನಿಗೆ ಬುಡೋದು ಸಲೀಸಾಯ್ತು. ನಂಗಾದ್ರೆ ಮಗ ಅವ್ನೆ."

ಬಾಗಿಲಲ್ಲಿ ಮಂಜಣ್ಣ ಹಿಂಡಿ ಮೂಟೆ ಹೊತ್ತು ನಿಂತಿದ್ದರು. ಮಾವ ಅವರನ್ನು ನೋಡಿಯೇ, ಅಧ್ಯಕ್ಷಗಿರಿಗೆ ನೀನು ನಾಮಪತ್ರ ಹಾಕಬೇಡ ಎಂದರು. ಜೋರು ಮಾಡಿ ಹೇಳಲಿಲ್ಲ. ತಾನು ಬಿಟ್ಟೆ ಅಂದರೆ ಮನೆಯೂ ಬಿಟ್ಟ ಹಾಗಿರಬೇಕು, ಇಲ್ಲದಿದ್ದರೆ ಬಿಟ್ಟದ್ದಕ್ಕೆ ಅರ್ಥವಿಲ್ಲ ಎಂದರು. ಮಂಜಣ್ಣ ಮೂಟೆಯನ್ನು ಅಲ್ಲೇ ಇಳಿಸಿ ಹೊರಗೆ ಹೋದರು.  ಓದಲು ಬಾರದ ಮನುಷ್ಯನಿಗೆ ಹೊತ್ತು ಹೋಗಲೆಂದು ಹೇಳಿದ ಕತೆ ನನ್ನ ಗಂಡನ ಕುತ್ತಿಗೆಗೇ ಬಂದು ಕೂತಿತ್ತು.

ಮಾವ ಅವತ್ತೇ ಇನ್ನೊಂದು ಕೇಳಿದ್ದರು. ಆ ಗೌಡ ಮನೆಗೆ ಹೋದಮೇಲೆ ಏನಾದ ಎಂದು. ಹೊಲ ನೋಡಿಕೊಂಡು ಸುಖವಾಗಿದ್ದ ಎಂದು ಪುಸ್ತಕ ಮುಚ್ಚಿಬಿಟ್ಟಿದ್ದೆ. ನಿಜ ಬೇರೆ ಇತ್ತು. ಕುರ್ಚಿ ಬಿಟ್ಟು ಮೂರು ವರ್ಷ ತುಂಬುವ ಮೊದಲೇ ಒಂದು ದಿನ ಕುದುರೆ ಹತ್ತಿ ಮಳೆ ಹಿಮದಲ್ಲಿ ಜಮೀನು ಸುತ್ತಿ, ಒದ್ದೆ ಬಟ್ಟೆಯಲ್ಲೇ ಊಟಕ್ಕೆ ಕೂತು, ಗಂಟಲು ಕಟ್ಟಿಕೊಂಡು ತೀರಿಕೊಂಡಿದ್ದ. ಎದೆಗೆ ಆಗತಾನೆ ಸ್ಪ್ರಿಂಗು ಹಾಕಿಸಿಕೊಂಡವರಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅಧ್ಯಕ್ಷರ ಆಯ್ಕೆಯ ದಿನ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ವೀಳ್ಯದ ತಟ್ಟೆ ಸಿದ್ಧಮಾಡಿ ಮಗನ ಕೈಗಿಟ್ಟರು. ಪ್ರತಿ ಸಲವೂ ಮಾಡುವ ಕೆಲಸ, ಕೈ ತಾನಾಗಿ ಮಾಡಿತು. ಮಾವ ಒಳಗೆ ಸ್ನಾನಕ್ಕೆ ಹೋಗಿದ್ದರು. ಡೈರಿಯಲ್ಲಿ ಏನಾಯಿತೆಂದರೆ, ಪದ್ಧತಿಯ ಪ್ರಕಾರ ಮೂವರು ನಾಮಪತ್ರ ಹಾಕಿದ್ದರು. ತಟ್ಟೆ ಹಿಡಿದು ಬಂದ ಮಂಜಣ್ಣನನ್ನು ನೋಡಿ, ಹೊಸ ಅಧ್ಯಕ್ಷ ಇವನೇ, ಮೊದಲೇ ನಾಮಪತ್ರ ಹಾಕಿದ್ದಾನೆ ಎಂದು ಎಲ್ಲರೂ ತಿಳಿದರು. ತಟ್ಟೆ ಅವರ ಕೈಯಲ್ಲಿದ್ದ ಮೇಲೆ ಕೇಳುವುದೇನಿದೆ? ಒಬ್ಬೊಬ್ಬರೇ ಎದ್ದು ವಾಪಸ್ ತಗೊಂಡರು. ಮಂಜಣ್ಣ ಒಬ್ಬೊಬ್ಬರಿಗೂ ವೀಳ್ಯ ಕೊಟ್ಟರು. ಚಪ್ಪಾಳೆಯೂ ಆಯಿತು. ಇಲಾಖೆಯಿಂದ ಬಂದಿದ್ದ ಅಧಿಕಾರಿ ಕಾಗದ ತಿರುವಿಹಾಕಿ, ಈಗ ಕಣದಲ್ಲಿ ಯಾರೂ ಇಲ್ಲವಲ್ಲ ಎಂದರು.

ಮತ್ತೊಂದು ದಿನ ಗೊತ್ತುಮಾಡಿ, ಅವತ್ತೂ ಯಾರೂ ನಿಲ್ಲದಿದ್ದರೆ ಮೇಲಕ್ಕೆ ಬರೆಯುತ್ತೇನೆ, ಆಡಳಿತಾಧಿಕಾರಿ ಬಂದು ಕೂರುತ್ತಾರೆ ಎಂದು ಹೇಳಿ ಅಧಿಕಾರಿ ಹೊರಟುಹೋದರು. ಮಂಜಣ್ಣ ಬರಿ ತಟ್ಟೆ ಹಿಡಿದು ಮನೆಗೆ ಬಂದಾಗ ನಾನು ಅವರ ಮುಖವನ್ನೇ ನೋಡಿದೆ. ಮಾತು ಎತ್ತಿದರೆ, ತಟ್ಟೆ ಕೈಗೆ ಕೊಟ್ಟರೆ ಏನು ಮಾಡಲಿ ಎಂದರು. ಬೇಕೆಂದೇ ಸುಮ್ಮನಿದ್ದರೋ, ಅಪ್ಪನಿಗೆ ಬೇರೆ ದಾರಿ ಇಲ್ಲದಂತಾಗಲಿ ಎಂದುಕೊಂಡರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ.

ಆಮೇಲಿನ ದಿನಗಳಲ್ಲಿ ಖಾಸಗಿ ಹಾಲಿನವರ ವ್ಯಾನು ಊರ ಬಾಗಿಲಿಗೇ ಬರತೊಡಗಿತು. ಡೈರಿ ಮುಚ್ಚುತ್ತದಂತೆ ಎಂದು ಕೆಲವರು ಆಗಲೇ ಅದಕ್ಕೆ ಹಾಲು ಹಾಕಲು ಶುರುಮಾಡಿದರು. ಲಾರಿಗೆ ಏರುವ ಕ್ಯಾನುಗಳು ಕಡಿಮೆಯಾದದ್ದು ಜಗಲಿಯಿಂದಲೇ ಮಾವನ ಕಿವಿಗೆ ಗೊತ್ತಾಗುತ್ತಿತ್ತು. ಸದ್ದು ನಿಂತ ಕೂಡಲೇ, ಅಷ್ಟೇನಾ ಎಂದು ಕೇಳುತ್ತಿದ್ದರು. ಮಂಜಣ್ಣ ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಅತ್ತೆ ತಟ್ಟೆಯನ್ನು ಅಟ್ಟದ ಮೇಲೆ ಹಾಕಿ ಅಳುತ್ತಿದ್ದರು. ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ಬ್ಯಾಗಿನಲ್ಲಿ ಫೋನು ನಡುಗಿದರೆ, ಮಾವನಿಗೆ ಏನೋ ಆಯಿತು ಎಂದೇ ನನ್ನ ಮಾತು ನಿಂತುಹೋಗುತ್ತಿತ್ತು.

ಊರವರು ಒಟ್ಟಾಗಿ ಬಂದು ಜಗಲಿ ತುಂಬ ಕೂತರು. ಮೊದಲ ಸಲ ವಾಪಸ್ ತಗೊಂಡಿದ್ದ ನಿರ್ದೇಶಕ ತಮ್ಮಣ್ಣನೇ ಮುಂದಾಳು. ಮಂಜಣ್ಣನಿಗೆ ಹೂಂ ಅನ್ನಿ, ಒಂದು ನಿಮಿಷದ ಕೆಲಸ, ಡೈರಿ ಉಳಿಯುತ್ತದೆ ಎಂದು ಕೇಳಿಕೊಂಡರು. ನೀವೇ ಯಾರಾದರೂ ನಿಲ್ಲಿ ಎಂದರು ಮಾವ. ನಿಮ್ಮ ಮನೆಯವರಿರುವಾಗ ನಾವು ನಿಂತರೆ ಚೆನ್ನಾಗಿರುತ್ತದಾ ಎಂದರು ಅವರು. ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು ಮಾತು. ಕೊನೆಗೆ ತಮ್ಮಣ್ಣನಿಗೆ ತಾಳ್ಮೆ ಕೆಟ್ಟಿತು.

"ನಿಮ್ ಸೊಸೆ ಅದ್ಯಾವ್ದೋ ದೇಸದ್ ಕತೆ ಓದಿ ನಿಮ್ ತಲೆ ಕೆಡ್ಸವ್ಳೆ ಗೌಡ್ರೆ. ಅವ್ರೂರ್ ಕತೆ ನಮ್ಮೂರ್ಗೆ ಯಾಕೆ?"

ನಾನು ಬಾಗಿಲ ಹಿಂದೆ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದೆ. ಮಾವ ಎದೆಯ ಮೇಲೆ ಕೈ ಇಟ್ಟುಕೊಂಡರು. ಲೋಟಗಳನ್ನು ಅಲ್ಲೇ ನೆಲಕ್ಕಿಟ್ಟು ಅವರ ಬಳಿಗೆ ಓಡಿದೆ. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು, ಅಷ್ಟೆ. ಕಾಫಿ ಕುಡಿದು ಹೋಗಿ ಎಂದು ಅವರನ್ನು ಕಳಿಸಿದರು. ಆದರೆ ಎಲ್ಲರೂ ಹೋದಮೇಲೆ ಅವರ ಮುಖ ಸಣ್ಣದಾಗಿತ್ತು. ತಾನು ಕಟ್ಟಿದ್ದನ್ನು ತಾನೇ ಕೆಡಿಸುತ್ತಿದ್ದೇನಾ ಎಂದು ನನ್ನನ್ನು ಕೇಳಿದರು.  ಆ ಹೊತ್ತಿನಲ್ಲಿ ಮಂಜಣ್ಣ ಅಧ್ಯಕ್ಷರಾಗಿಬಿಡಲಿ, ಮನೆ ನೆಮ್ಮದಿಯಾಗಲಿ ಎಂದೇ ನನ್ನ ಮನಸ್ಸೂ ಬೇಡುತ್ತಿತ್ತು.

ಮರುದಿನ ಸಾಯಂಕಾಲ ಹಾಲು ಹಾಕಿ ಹಿಂತಿರುಗುವಾಗ ಸಾಕಮ್ಮ ನಮ್ಮ ಜಗಲಿಯ ಕೆಳಗೆ ನಿಂತಳು. ಊರ ಕೊನೆಯ ಬೀದಿಯವಳು, ಎರಡು ಹಸು ಕಟ್ಟಿದ್ದಾಳೆ. ವಯಸ್ಸಿನಲ್ಲಿದ್ದಾಗ ನಮ್ಮ ಗದ್ದೆಗೆ ನಾಟಿ ಹಾಕಲು ಕೂಲಿಗೆ ಬರುತ್ತಿದ್ದಳಂತೆ. ಡೈರಿಯಲ್ಲಿ ಹೆಂಗಸರಿಗೆಂದು ಇಟ್ಟ ನಿರ್ದೇಶಕರ ಜಾಗದಲ್ಲಿ ಅವಳ ಹೆಸರಿತ್ತು. ಸಭೆಗೆ ಮಾತ್ರ ಅವಳ ಗಂಡ ಹೋಗಿ ಕೂತು ಬರುತ್ತಿದ್ದ. ಅವಳು ನನ್ನನ್ನು ಕೇಳಿದಳು, ಆ ಅಮೆರಿಕದ ಗೌಡ ಎದ್ದುಹೋದ ಮೇಲೆ ಕುರ್ಚಿಗೆ ಯಾರು ಬಂದರು ಎಂದು. ಅಷ್ಟರಲ್ಲಿ ಊರಿಗೆಲ್ಲ ಆ ಕತೆ ಹರಡಿತ್ತು. ಅವನ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ, ಓಟಿನಲ್ಲಿ ಗೆದ್ದು ಬಂದ ಎಂದೆ. ಅವನ ಮನೆಯವನಲ್ಲವಾ ಎಂದಳು. ಅಲ್ಲ ಎಂದೆ.

ಸಾಕಮ್ಮ ಸೆರಗು ಎಳೆದುಕೊಂಡು ಮಾವನ ಕಡೆ ತಿರುಗಿದಳು. ತಾನು ನಾಮಪತ್ರ ಹಾಕುತ್ತೇನೆ, ಆದರೆ ಗೆದ್ದರೆ ಎಲ್ಲರ ಮನೆಯವರೂ ಸಾಲಿನಲ್ಲಿ ನಿಂತೇ ಹಾಲು ಹಾಕಬೇಕು, ಎಲ್ಲರ ಹಾಲಿಗೂ ಡಿಗ್ರಿ ನೋಡಬೇಕು ಎಂದಳು. ನನಗೆ ಮುಖ ಬಿಸಿಯಾಯಿತು. ನಮ್ಮ ಮನೆಯ ಹಾಲಿಗೆ ಯಾರೂ ಎಂದೂ ಅಳತೆ ಕಡ್ಡಿ ಇಳಿಬಿಟ್ಟು ನೀರು ಬೆರೆತಿದೆಯಾ ಎಂದು ನೋಡಿದ್ದಿಲ್ಲ. ನಮ್ಮ ಕ್ಯಾನು ಹೋದರೆ ಸಾಲು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಅದು ಮರ್ಯಾದೆ ಎಂದುಕೊಂಡಿದ್ದೆವು. ಕೊನೆಯ ಬೀದಿಯವರು ಮಳೆಯಲ್ಲಿ ನೆನೆಯುತ್ತಾ ಕಾಯುವುದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.

"ವಾಪಸ್ ತಗೋ ಅಂತ ಊರ್ನೋರೆಲ್ಲ ಬಂದ್ ಕೇಳುದ್ರೆ ಏನ್ಮಾಡ್ತೀಯಾ?" ಮಾವ ಕೇಳಿದರು.

"ನಂಗ್ಯಾರೂ ಇಷ್ಟ್ ವರ್ಸ ವೀಳ್ಯ ಕೊಟ್ಟಿಲ್ಲ ಗೌಡ್ರೆ. ವಾಪಸ್ ತಗಳೋದು ನಂಗೊತ್ತಿಲ್ಲ."

ಮಾವ ನಕ್ಕದ್ದನ್ನು ಆಸ್ಪತ್ರೆಯಿಂದ ಬಂದಮೇಲೆ ನಾನು ಮೊದಲ ಸಲ ನೋಡಿದ್ದು ಅವತ್ತು. ಮಂಜಣ್ಣ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದರು. ನಗಲಿಲ್ಲ.

ಎರಡನೆಯ ಸಭೆಯ ದಿನ ನನಗೆ ಕಾಲೇಜಿಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಹೊರಡುವಾಗ ಮಂಜಣ್ಣ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಅದನ್ನು ನೋಡಿಯೇ ನನಗೆ ಅರ್ಧ ಜೀವ ಹೋಯಿತು. ಅವರು ನಾಮಪತ್ರ ಹಾಕಿಬಿಟ್ಟರೆ ಸಾಕಮ್ಮನಿಗೆ ಒಂದು ಓಟೂ ಬೀಳುವುದಿಲ್ಲ, ಮಾವ ಮಗನ ಮುಖ ಮತ್ತೆ ನೋಡುವುದಿಲ್ಲ. ಹಾಕದಿದ್ದರೆ ನನ್ನ ಗಂಡ ಜನ್ಮವೆಲ್ಲ ಅದನ್ನು ಎದೆಯಲ್ಲಿಟ್ಟುಕೊಂಡು ಕೊರಗುತ್ತಾರೆ. ಕ್ಲಾಸಿನಲ್ಲಿ ಏನು ಹೇಳಿದೆನೋ ನೆನಪಿಲ್ಲ. ಮಧ್ಯಾಹ್ನ ಫೋನು ಬಂದಾಗ ಪಾಠ ನಿಲ್ಲಿಸಿ ಹೊರಗೆ ಓಡಿದೆ. ಮಂಜಣ್ಣನೇ ಮಾಡಿದ್ದರು. ಸಾಕಮ್ಮ ಹಾಕಿದಳು, ತಮ್ಮಣ್ಣನೂ ಹಾಕಿದ, ಓಟಾಯಿತು, ಸಾಕಮ್ಮ ಸ್ವಲ್ಪದರಲ್ಲಿ ಗೆದ್ದಳು ಎಂದರು. ಅವಳ ನಾಮಪತ್ರಕ್ಕೆ ಸೂಚಕರು ಯಾರೂ ಇರಲಿಲ್ಲವಂತೆ. ಕೋಣೆಯಲ್ಲಿ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದಾಗ ಇವರೇ ಎದ್ದು ಹೋಗಿ ಸಹಿ ಹಾಕಿದರಂತೆ.

ನಾನು ಗೋಡೆಗೆ ಒರಗಿ ನಿಂತೆ. "ಅಪ್ಪಂಗ್ ಏಳು" ಎಂದರು. ನೀವೇ ಹೇಳಿ ಎಂದೆ. ಹೂಂ ಎಂದರು. ಆ ರಾತ್ರಿ ಅಪ್ಪ ಮಗ ಒಟ್ಟಿಗೆ ಕೂತು ಮುದ್ದೆ ಉಂಡರು.  ಸಾರು ಸಾಲದೆ ಹೋದಾಗ ಮಾವ ತಮ್ಮ ಬಟ್ಟಲಿನಿಂದ ಮಗನ ತಟ್ಟೆಗೆ ಸುರಿದರು. ನಾನು ಒಲೆಯ ಕಡೆ ತಿರುಗಿಕೊಂಡೆ.

ಅಲ್ಲಿಗೆ ಹೆದರಿಕೆ ಮುಗಿಯಬೇಕಿತ್ತು. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಮಂಚ ಖಾಲಿ. ಮನೆಯ ಹಾಲಿನ ಸಣ್ಣ ಕ್ಯಾನೂ ಇಲ್ಲ. ಹೊರಗೆ ಮಳೆ ಹಿಡಿದು ಸುರಿಯುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದು ಕುದುರೆ ಮೇಲೆ ನೆನೆಯುತ್ತಾ ಹೋಗುವ ಆ ಮನುಷ್ಯ, ಅವನ ಒದ್ದೆ ಬಟ್ಟೆ, ಕಟ್ಟಿದ ಗಂಟಲು. ಕೊಡೆ ಹಿಡಿದು ಚಪ್ಪಲಿ ಮೆಟ್ಟದೆ ಓಡಿದೆ.

ಡೈರಿಯ ಮುಂದೆ ಸಾಲು ಬೀದಿಯವರೆಗೂ ಬಂದಿತ್ತು. ವ್ಯಾನಿಗೆ ಹಾಕುತ್ತಿದ್ದವರಲ್ಲಿ ಕೆಲವರೂ ಮರಳಿದ್ದರು. ಅದರ ಕಟ್ಟಕಡೆಯಲ್ಲಿ, ತಲೆಗೆ ಒಂದು ಟವೆಲು ಹಾಕಿಕೊಂಡು, ಕ್ಯಾನು ಕಾಲ ಬಳಿ ಇಟ್ಟುಕೊಂಡು ಮಾವ ನಿಂತಿದ್ದರು. ಮುಂದಿದ್ದವರು ಸರಿದು ಜಾಗ ಬಿಟ್ಟಿದ್ದರು. ಮಾವ ಅದರೊಳಗೆ ಕಾಲಿಡದೆ ನಿಂತಿದ್ದರಿಂದ ಸಾಲಿನ ನಡುವೆ ಒಂದು ಖಾಲಿ ದಾರಿ ಸುಮ್ಮನೆ ನೆನೆಯುತ್ತಿತ್ತು. ಒಳಗೆ ಸಾಕಮ್ಮ ಕಡ್ಡಿ ಹಿಡಿದ ಟೆಸ್ಟರನ ಪಕ್ಕ ನಿಂತು ಒಬ್ಬೊಬ್ಬರ ಹಾಲನ್ನೂ ನೋಡುತ್ತಿದ್ದಳು. ಇತ್ತ ತಿರುಗಿದರೂ ಬನ್ನಿ ಎಂದು ಕರೆಯಲಿಲ್ಲ.

ನಾನು ಏದುಸಿರು ಬಿಡುತ್ತಾ ಮಾವನ ತಲೆಯ ಮೇಲೆ ಕೊಡೆ ಹಿಡಿದೆ. ಮನೆಗೆ ಬನ್ನಿ, ನಾನು ಹಾಕಿ ಬರುತ್ತೇನೆ, ನೆನೆದರೆ ಏನಾಗುತ್ತೆ ಗೊತ್ತಾ ಎಂದು ಒಂದೇ ಉಸಿರಿಗೆ ಹೇಳಿದೆ.  ಅವರು ನನ್ನನ್ನೇ ನೋಡಿದರು.

"ನಿನ್ ಗೌಡ ಎಂಗ್ ಸತ್ತ ಅಂತ ನಂಗೊತ್ತು ಕಣವ್ವ. ಮಂಜನ ಫೋನ್ನಾಗೆ ಕೇಳ್ಸ್ಕಂಡೆ, ನೀನ್ ಪುಸ್ತಕ ಮುಚ್ದ್ ದಿನ್ವೇ." ಕೊಡೆಯ ಕಡ್ಡಿಯನ್ನು ಎರಡು ಬೆರಳಿಂದ ಹಿಡಿದು ತಮ್ಮ ತಲೆಯಿಂದ ಪಕ್ಕಕ್ಕೆ ಸರಿಸಿ ಕೆಳಕ್ಕೆ ಬಗ್ಗಿಸಿದರು. "ನಂಗ್ ಬ್ಯಾಡ, ಕ್ಯಾನ್ ಮ್ಯಾಲ್ ಇಡ್ಕೊ. ನೀರ್ ಬಿದ್ರೆ ಆ ಸಾಕಮ್ಮ ವಾಪಸ್ ಕಳಿಸ್ಬುಡ್ತಾಳೆ."